ಬಿದ್ದರೆ ನೋವಾಗಬೇಕು

ನವೆಂಬರ್ ಮೊದಲ ವಾರ ಸ್ಕೂಟರಿನಿಂದ ಬಿದ್ದೆ. ಹೇಳಿಕೊಳ್ಳುವಂಥ ಅಪಘಾತ ಏನಲ್ಲ. ಸೋನೆ ಮಳೆ, ತಿರುವಿನಲ್ಲಿ ಯಾರೋ ಮನೆ ಕಟ್ಟಲು ಸುರಿದಿದ್ದ ಜಲ್ಲಿ, ಸ್ಪೀಡು 20 ಕೂಡ ಇರಲಿಲ್ಲ. ಚೀಲದಲ್ಲಿದ್ದ ಟೊಮೆಟೊ ಒಂದೂ ಜಜ್ಜಲಿಲ್ಲ, ಎಡಗಾಲಿನ ಹರಡು ಮಾತ್ರ ಮುರಿಯಿತು. ಎದುರಿನ ಹೂವಿನಂಗಡಿಯವರು ಓಡಿಬಂದು "ಏನೂ ಆಗಿಲ್ಲ ಸಾರ್, ಏಳಿ" ಅಂದರು. ಎದ್ದೆ. ಎದ್ದ ಹಾಗೇ ಮತ್ತೆ ಕೂತೆ.

ಆರು ವಾರ ಪ್ಲಾಸ್ಟರ್. ಮೈಸೂರಿನ ಮನೆಯ ಹಾಲ್‌ನಲ್ಲಿ ದಿವಾನ್ ಮೇಲೆ ನಾನು, ಎರಡು ದಿಂಬಿನ ಮೇಲೆ ಕಾಲು, ಎದುರಿಗೆ ಟಿವಿ. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಕೂಡಲೇ ಅಕ್ಕನ ಮಗ ಬಂದು ಬ್ಯಾಗು ಬಿಸಾಕುತ್ತಿದ್ದ. ಹನ್ನೆರಡು ವರ್ಷ. ಭಾನುವಾರ ರಾತ್ರಿವರೆಗೂ ಇಲ್ಲೇ ಠಿಕಾಣಿ. "ಮಾಮ, ನೀನಂತೂ ಎಲ್ಲೂ ಹೋಗಕ್ಕಾಗಲ್ಲ ಅಲ್ವಾ" ಅಂತ ಶುರು ಮಾಡಿದ. ರಿಮೋಟು ಅವನ ಕೈಗೆ ಹೋಯಿತು. ಹಾಗಾಗಿ ಒಂದೂವರೆ ತಿಂಗಳಲ್ಲಿ ನಾನು ನೋಡಿದಷ್ಟು ಸೂಪರ್‌ಹೀರೊ ಸಿನಿಮಾ, ಸಾಹಸದ ಸಿನಿಮಾ ಬೇರೆ ಯಾವ ಕಾಲದಲ್ಲೂ ನೋಡಿಲ್ಲ. ಕಟ್ಟಡದ ಗೋಡೆ ಒಡೆದುಕೊಂಡು ಆಚೆ ಬೀಳುವವರು, ಬಸ್ಸಿನಲ್ಲಿ ಹೊಡೆಸಿಕೊಂಡು ಮೈ ಕೊಡವಿ ಏಳುವವರು, ಇಪ್ಪತ್ತು ಮಹಡಿಯಿಂದ ಹಾರಿ ಮಂಡಿಯೂರಿ ಇಳಿಯುವವರು. ಇತ್ತ ನಾನು ಬಾತ್‌ರೂಮಿಗೆ ಹೋಗಲು ಅಮ್ಮನನ್ನು ಕೂಗಬೇಕು.

ಮೊದಲು ಹಾಕಿದ್ದು 2025ರ 'ಸೂಪರ್‌ಮ್ಯಾನ್'. ಜೇಮ್ಸ್ ಗನ್ ನಿರ್ದೇಶನ, ಡೇವಿಡ್ ಕೊರೆನ್ಸ್‌ವೆಟ್ ಹೀರೊ. ಜುಲೈನಲ್ಲಿ ಥಿಯೇಟರಿಗೇ ಹೋಗಿ ನೋಡಿದ್ದೆ, ಆಗ ಪರವಾಗಿಲ್ಲ ಅನ್ನಿಸಿತ್ತು ಅಷ್ಟೆ. ಈ ಸಲ ಮೊದಲ ದೃಶ್ಯದಲ್ಲೇ ಎದ್ದು ಕೂತೆ. ಕಥೆ ಶುರುವಾಗುವುದೇ ಅವನು ಬೀಳುವುದರಿಂದ. ಆಕಾಶದಿಂದ ಹಿಮದ ಮೇಲೆ ದಬಕ್ ಅಂತ ಬೀಳುತ್ತಾನೆ. ಮೂರು ನಿಮಿಷದ ಹಿಂದೆ ಜೀವನದಲ್ಲಿ ಮೊದಲ ಸಲ ಸೋತಿದ್ದಾನೆ. ಬಾಯಲ್ಲಿ ರಕ್ತ, ಉಸಿರಾಡಲೂ ಕಷ್ಟ. ಏಳಲಾಗದೆ ಶಿಳ್ಳೆ ಹಾಕುತ್ತಾನೆ. ದೂರದಿಂದ ಹಿಮ ಚಿಮ್ಮಿಸಿಕೊಂಡು ಕ್ರಿಪ್ಟೊ ಅನ್ನುವ ಅವನ ನಾಯಿ ಬರುತ್ತದೆ. ಬಂದು ಕಾಪಾಡುತ್ತದೆ ಅಂದುಕೊಂಡರೆ, ಆಟ ಆಡಲು ಕರೆದ ಅಂತ ತಿಳಿದು ಮುರಿದ ಮೈಮೇಲೆ ಹತ್ತಿ ಕುಣಿಯುತ್ತದೆ.

ಹುಡುಗ ಬಿದ್ದೂ ಬಿದ್ದೂ ನಕ್ಕ. ನನಗೆ ನಗು ಬರಲಿಲ್ಲ. ಅವತ್ತು ಬೆಳಗ್ಗೆ ತಾನೇ ಅಮ್ಮ ಗುಡಿಸುವಾಗ ಪೊರಕೆಯ ತುದಿ ನನ್ನ ಹೆಬ್ಬೆರಳಿಗೆ ತಾಗಿ ಕಣ್ಣಲ್ಲಿ ನೀರು ಬಂದಿತ್ತು.

ಸೂಪರ್‌ಮ್ಯಾನ್‌ನದು ಮೊದಲಿನಿಂದಲೂ ಇದೇ ತಾಪತ್ರಯ. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಅನ್ನುವ ಇಬ್ಬರು ಹುಡುಗರು ಅವನನ್ನು ಮೊದಲ ಬಾರಿ ಕಾಮಿಕ್ಸಿನಲ್ಲಿ ತಂದಾಗ ಅವನಿಗೆ ಹಾರಲು ಬರುತ್ತಿರಲಿಲ್ಲ. ಎತ್ತರಕ್ಕೆ ನೆಗೆಯುತ್ತಿದ್ದ ಅಷ್ಟೆ. ಗುಂಡು ತಾಗುತ್ತಿರಲಿಲ್ಲ, ಆದರೆ ಫಿರಂಗಿ ಶೆಲ್ ಸಿಡಿದರೆ ಚರ್ಮ ಹರಿಯಬಹುದಿತ್ತು. ಆಮೇಲೆ ಬಂದವರು ಒಂದೊಂದೇ ಶಕ್ತಿ ಸೇರಿಸುತ್ತಾ ಹೋದರು. ಹಾರಿದ, ಕಣ್ಣಿನಿಂದ ಬೆಂಕಿ ಬಿಟ್ಟ, ಗ್ರಹಗಳನ್ನೇ ತಳ್ಳಿದ. ಕೊನೆಗೆ ಇವನನ್ನು ಯಾರೂ ಏನೂ ಮಾಡಲಾಗದು ಅಂತಾದಾಗ ಕಥೆ ಬರೆಯುವವರಿಗೇ ಪೀಕಲಾಟ. ಕ್ರಿಪ್ಟೊನೈಟ್ ಅನ್ನುವ ಹಸಿರು ಕಲ್ಲು ಹುಟ್ಟಿದ್ದು 1943ರ ರೇಡಿಯೊ ಧಾರಾವಾಹಿಯಲ್ಲಿ. ಶಕ್ತಿ ಕೊಟ್ಟವರೇ ಐದು ವರ್ಷದಲ್ಲಿ ಅದನ್ನು ಕಿತ್ತುಕೊಳ್ಳುವ ಉಪಾಯ ಹುಡುಕಬೇಕಾಯಿತು. ನಮ್ಮ ಕಡೆ ದುರ್ಯೋಧನನ ತೊಡೆಯೊಂದನ್ನು ಬಿಟ್ಟು ಮಿಕ್ಕ ಮೈಯೆಲ್ಲ ವಜ್ರ ಮಾಡಿದವರು ಜಾಣರು. ತೊಡೆ ಬಿಟ್ಟಿದ್ದರಿಂದಲೇ ಗದಾಯುದ್ಧಕ್ಕೆ ಒಂದು ಅರ್ಥ ಬಂತು.

ಗನ್ ಸಿನಿಮಾದಲ್ಲಿ ನನಗೆ ಇಷ್ಟವಾದದ್ದು ಹೊಡೆದಾಟ ಅಲ್ಲ. ಪತ್ರಕರ್ತೆ ಲೋಯಿಸ್ ಲೇನ್ ಅವನನ್ನು ಸಂದರ್ಶನ ಮಾಡುತ್ತಾಳಲ್ಲ, ಅದು. ಮನೆಯೊಳಗೆ ಇಬ್ಬರೇ ಕೂತು ಮಾತು, ಅಷ್ಟೇ. ಇನ್ನೊಂದು ದೇಶದ ಯುದ್ಧ ನಿಲ್ಲಿಸಲು ನಿನಗೆ ಯಾರು ಅಧಿಕಾರ ಕೊಟ್ಟರು, ಯಾರನ್ನು ಕೇಳಿದೆ ಅಂತ ಅವಳು ಕೇಳುತ್ತಾ ಹೋಗುತ್ತಾಳೆ. ಇವನಿಗೆ ಸಿಟ್ಟು ಏರುತ್ತದೆ. ಜನ ಸಾಯುತ್ತಿದ್ದರು ಅನ್ನುವುದು ಬಿಟ್ಟು ಬೇರೆ ಉತ್ತರ ಅವನ ಹತ್ತಿರ ಇಲ್ಲ. ಬೆಟ್ಟ ಎತ್ತುವವನು ಮಾತಿನಲ್ಲಿ ತಡವರಿಸುವುದನ್ನು ನೋಡುವುದೇ ಒಂದು ಚೆಂದ. ಇನ್ನೊಂದು ಕಡೆ, ಅವನಿಗೆ ಒಮ್ಮೆ ಸಹಾಯ ಮಾಡಿದ ಬೀದಿ ಬದಿಯ ಫಲಾಫಲ್ ಮಾರುವ ಮಲಿಕ್‌ನನ್ನು ವಿಲನ್ ಲೆಕ್ಸ್ ಲೂಥರ್ ಅವನ ಕಣ್ಣೆದುರೇ ಗುಂಡಿಟ್ಟು ಕೊಲ್ಲುತ್ತಾನೆ. ಇಷ್ಟೆಲ್ಲ ಶಕ್ತಿ ಇದ್ದೂ ಅವನ ಕೈಲಿ ಏನೂ ಆಗುವುದಿಲ್ಲ. ಹುಡುಗ ಅಲ್ಲಿ ನಗುವುದು ನಿಲ್ಲಿಸಿದ. ಒಂದು ಮಾತು ಸುಮ್ನೆ ಹೇಳಿಬಿಡುತ್ತೇನೆ. ಥಿಯೇಟರಿನಲ್ಲಿ ಇದೇ ಸಿನಿಮಾದ ಮುತ್ತಿನ ದೃಶ್ಯಕ್ಕೆ ನಮ್ಮ ಸೆನ್ಸಾರ್ ಮಂಡಳಿ 33 ಸೆಕೆಂಡು ಕತ್ತರಿ ಹಾಕಿತ್ತು. ಮಕ್ಕಳು ಮುತ್ತು ನೋಡಬಾರದು, ಗುಂಡು ನೋಡಬಹುದು.

ಕೊನೆಯ ಅರ್ಧ ಗಂಟೆ ಮಾಮೂಲಿ. ಊರು ಎರಡು ಹೋಳಾಗುತ್ತದೆ, ಕಟ್ಟಡಗಳು ಇಸ್ಪೀಟೆಲೆ ಥರ ಬೀಳುತ್ತವೆ. ನಾನು ಎದ್ದು ಹೋಗಬೇಕು ಅಂದುಕೊಂಡೆ, ಆದರೆ ಏಳಲು ಆಗುತ್ತಿರಲಿಲ್ಲ.

'ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. 60ರ ದಶಕದ ಥರದ ನ್ಯೂಯಾರ್ಕು ನೋಡಲು ಸೊಗಸು. ಬಾಹ್ಯಾಕಾಶ ನೌಕೆಯಲ್ಲಿ ಹೆರಿಗೆ ನೋವು ಶುರುವಾಗಿ, ಹಿಂದಿನಿಂದ ಶತ್ರು ಅಟ್ಟಿಸಿಕೊಂಡು ಬರುವಾಗ ತಾಯಿ ಪಾತ್ರದ ವನೆಸ್ಸಾ ಕರ್ಬಿ ಹಲ್ಲು ಕಚ್ಚಿ ಕೂರುವುದು ಭೇಷ್. ಗ್ರಹಗಳನ್ನೇ ತಿನ್ನುವ ಗ್ಯಾಲಕ್ಟಸ್ ಬಂದು, ನಿಮ್ಮ ಮಗು ಕೊಡಿ ಭೂಮಿ ಬಿಡುತ್ತೇನೆ ಅನ್ನುತ್ತಾನೆ. ಕೊಡುವುದಿಲ್ಲ ಅಂತ ಈ ನಾಲ್ವರು ಸೂಪರ್‌ಹೀರೊಗಳು. ಊರ ಜನ ಮನೆ ಮುಂದೆ ಬಂದು ಕೂಗಾಡುತ್ತಾರೆ. ಬಕಾಸುರನಿಗೆ ಮನೆಗೊಬ್ಬರಂತೆ ಕಳಿಸುತ್ತಿದ್ದ ಊರಿನ ಕಥೆ ಕೇಳಿ ಬೆಳೆದವರಿಗೆ ಇದು ಎಷ್ಟು ಗಟ್ಟಿ ವಸ್ತು ಅಂತ ಗೊತ್ತು. ಸಿನಿಮಾ ಮಾತ್ರ ಆ ಪ್ರಶ್ನೆಯನ್ನು ಐದು ನಿಮಿಷದಲ್ಲಿ ಒಂದು ಭಾಷಣ ಮಾಡಿ ಮುಗಿಸಿಬಿಡುತ್ತದೆ. ಕೊನೆಗೆ ತಾಯಿ ಸಾಯುತ್ತಾಳೆ. ನನ್ನ ಗಂಟಲು ಕಟ್ಟುವಷ್ಟರಲ್ಲಿ ಪಕ್ಕದಿಂದ ಹುಡುಗ ಚಿಪ್ಸ್ ಜಗಿಯುತ್ತಾ ಹೇಳಿದ: "ಸತ್ತಿಲ್ಲ ಮಾಮ. ಎರಡು ನಿಮಿಷ ಕಾಯಿ."

ಎರಡು ನಿಮಿಷವೂ ಬೇಕಾಗಲಿಲ್ಲ. ಮಗು ಮುಟ್ಟಿತು, ತಾಯಿ ಎದ್ದಳು.

ಹನ್ನೆರಡು ವರ್ಷದ ಹುಡುಗನಿಗೆ ಸಾವಿನ ಮೇಲೆ ಇಷ್ಟು ಅಪನಂಬಿಕೆ ಬರುವ ಹಾಗೆ ಮಾಡಿದ್ದಾರಲ್ಲ, ಇವರ ಮೇಲೆ ನನ್ನ ದೊಡ್ಡ ತಕರಾರು ಅದೇ. ಸತ್ತವರು ಬರುತ್ತಾರೆ. ಇಲ್ಲದಿದ್ದರೆ ಇನ್ನೊಂದು ಲೋಕದಿಂದ ಅವರದೇ ಮುಖದ ಇನ್ನೊಬ್ಬರು ಬರುತ್ತಾರೆ. ಅಂಗಡಿಯಲ್ಲಿ ಲೋಟ ಒಡೆದರೆ ಅದೇ ಥರದ್ದು ಇನ್ನೊಂದು ತಂದಿಟ್ಟ ಹಾಗೆ.

'ಥಂಡರ್‌ಬೋಲ್ಟ್ಸ್' ನೋಡುವಾಗ ಇಬ್ಬರಿಗೂ ಜಗಳವಾಯಿತು. ಅದೂ 2025ರದ್ದೇ ಸಿನಿಮಾ. ಶುರುವಿನಲ್ಲಿ ನಾಯಕಿ ಫ್ಲಾರೆನ್ಸ್ ಪ್ಯೂ ಕ್ವಾಲಾಲಂಪುರದ ಮೆರ್ಡೆಕಾ 118ರ ತುದಿಯಿಂದ ಕೆಳಗೆ ಹೆಜ್ಜೆ ಇಡುತ್ತಾಳೆ. 678.9 ಮೀಟರ್ ಎತ್ತರ, ಜಗತ್ತಿನಲ್ಲೇ ಎರಡನೆಯದು. ಹಾರುವಾಗ ಅವಳ ಮುಖದಲ್ಲಿ ಭಯವೂ ಇಲ್ಲ, ಖುಷಿಯೂ ಇಲ್ಲ. ಬೇಜಾರು ಇದೆ. ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗುವವರ ಮುಖ. ಅಲ್ಲಿಗೇ ನಾನು ಈ ಸಿನಿಮಾದ ಕಡೆಯವನಾದೆ. ಕೊನೆಯಲ್ಲಿ ಬಾಬ್ ಅನ್ನುವ ಹುಡುಗನೊಳಗಿನ ಕತ್ತಲೆ ಹೊರಗೆ ಬಂದು ಊರಿನ ಜನರನ್ನು ಒಬ್ಬೊಬ್ಬರಾಗಿ ನೆರಳು ಮಾಡುತ್ತಾ ಹೋಗುತ್ತದೆ. ಬಾಬ್ ಆ ಕತ್ತಲೆಯನ್ನೇ ಕೆಳಗೆ ಕೆಡವಿಕೊಂಡು ಗುದ್ದುತ್ತಾನೆ. ಗುದ್ದಿದಷ್ಟೂ ಅದು ಅವನನ್ನೇ ನುಂಗುತ್ತದೆ. ಆಗ ಉಳಿದವರು ಬಂದು ಅವನನ್ನು ತಬ್ಬಿಕೊಳ್ಳುತ್ತಾರೆ. ಮುಗಿಯಿತು. ಕ್ಲೈಮ್ಯಾಕ್ಸ್ ಅಂದರೆ ಅಷ್ಟೇ.

"ಇಷ್ಟೇನಾ? ಫೈಟ್ ಎಲ್ಲಿ?" ಅಂದ ಹುಡುಗ.

"ಇದೇ ಫೈಟು ಕಣೋ" ಅಂದೆ. ಅವನಿಗೆ ಮೋಸ ಹೋದ ಹಾಗಾಗಿತ್ತು. ಮಾತಾಡದೆ ಮೊಬೈಲು ಎತ್ತಿಕೊಂಡ. ನಾನೂ ವಿವರಿಸಲು ಹೋಗಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾಗಿ ಫ್ಯಾನು ನೋಡುತ್ತಾ ಮಲಗುವುದು ಏನು ಅಂತ ಅವನಿಗೆ ಯಾಕೆ ಗೊತ್ತಾಗಬೇಕು, ಈಗಲೇ.

ಮುಂದಿನ ವಾರ ಸೂಪರ್‌ಹೀರೊಗಳಿಗೆ ರಜೆ ಕೊಟ್ಟು ನಾನೇ ಒಂದು ಹಾಕಿದೆ. 2018ರ 'ಮಿಷನ್: ಇಂಪಾಸಿಬಲ್ – ಫಾಲ್‌ಔಟ್'. ಅದರಲ್ಲಿ ಟಾಮ್ ಕ್ರೂಸ್ ಲಂಡನ್ನಿನ ತಾರಸಿಗಳ ಮೇಲೆ ಓಡುತ್ತಾ ಒಂದು ಕಟ್ಟಡದಿಂದ ಇನ್ನೊಂದಕ್ಕೆ ನೆಗೆಯುವ ಶಾಟ್ ಇದೆ. 2017ರ ಆಗಸ್ಟ್‌ನಲ್ಲಿ ಅದನ್ನು ತೆಗೆಯುವಾಗ ನಿಜವಾಗಿಯೂ ಅವನ ಹರಡು ಮುರಿಯಿತು. ಶೂಟಿಂಗು ವಾರಗಟ್ಟಲೆ ನಿಂತಿತು. ಮುರಿದ ಶಾಟನ್ನೇ ಸಿನಿಮಾದಲ್ಲಿ ಇಟ್ಟಿದ್ದಾರೆ. ನಾನು ಹಿಂದೆ ಹಾಕಿ ಹಿಂದೆ ಹಾಕಿ ಹತ್ತು ಸಲ ನೋಡಿದೆ. ಪಾದ ಗೋಡೆಗೆ ಬಡಿಯುತ್ತದೆ, ಬಾಗಬಾರದ ಕಡೆಗೆ ಬಾಗುತ್ತದೆ. ಕೈ ಊರಿ ಮೇಲೆ ಹತ್ತುತ್ತಾನೆ, ಎದ್ದು ಕುಂಟುತ್ತಾ ಕ್ಯಾಮೆರಾ ದಾಟಿ ಹೋಗುತ್ತಾನೆ. ಆ ಎರಡು ಹೆಜ್ಜೆ ನಟನೆಯಲ್ಲ. ನನಗೆ ಗೊತ್ತು. ಆ ಹೆಜ್ಜೆಯನ್ನು ನಾನೂ ಹೂವಿನಂಗಡಿಯ ಮುಂದೆ ಇಟ್ಟಿದ್ದೇನೆ, ಅವನು ಇಟ್ಟದ್ದು ಎರಡು, ನಾನು ಇಟ್ಟದ್ದು ಒಂದು.

ಗ್ರಾಫಿಕ್ಸಿನಲ್ಲಿ ಗ್ರಹ ಒಡೆದರೂ ನನ್ನ ಕೂದಲು ಕೊಂಕುವುದಿಲ್ಲ. ಈ ಒಂದು ಶಾಟಿಗೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ಹುಡುಗನೂ "ಅಮ್ಮಾ" ಅಂತ ತನ್ನ ಕಾಲು ಹಿಡಿದುಕೊಂಡ.

ಅದೇ ಹುರುಪಿನಲ್ಲಿ 1981ರ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ತೋರಿಸಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ಬಾಡಿಗೆಗೆ ತಂದ, ವಿಡಿಯೊ ಕ್ಯಾಸೆಟ್ ಹಾಕುವ ವಿಸಿಪಿಯಲ್ಲಿ, ಅಕ್ಕಪಕ್ಕದ ಮನೆಯವರೆಲ್ಲ ಸೇರಿ ನೋಡಿದ್ದು. ಉರುಳಿ ಬರುವ ಬಂಡೆ ಎಲ್ಲರಿಗೂ ನೆನಪಿರುತ್ತದೆ. ನನಗೆ ಈಗ ಹಿಡಿಸಿದ್ದು ಹಡಗಿನ ದೃಶ್ಯ. ಲಾರಿಯ ಕೆಳಗೆ ಎಳೆದಾಡಿಸಿಕೊಂಡು ಬಂದ ಇಂಡಿಯಾನಾ ಜೋನ್ಸ್‌ಗೆ ಮೈಯೆಲ್ಲ ಗಾಯ. ಅವನ ಪ್ರೇಯಸಿ ಮೇರಿಯನ್ ಎಲ್ಲಿ ಮುಟ್ಟಿದರೂ ಅಯ್ಯೋ ಅನ್ನುತ್ತಾನೆ. ಸಿಟ್ಟು ಬಂದು, ಎಲ್ಲಿ ನೋವಿಲ್ಲ ಹೇಳು ಅನ್ನುತ್ತಾಳೆ. ಮೊಣಕೈ ತೋರಿಸುತ್ತಾನೆ. ಆಮೇಲೆ ಹಣೆ. ಆಮೇಲೆ ಕಣ್ಣು, ತುಟಿ. ಮುತ್ತು ಕೊಡುವಷ್ಟರಲ್ಲಿ ನಿದ್ದೆ ಹೋಗಿರುತ್ತಾನೆ. ಹೊಡೆತ ತಿಂದವನಿಗೆ ಅವತ್ತು ರಾತ್ರಿ ಮೈ ನೋಯುತ್ತದೆ ಅಂತ ನೆನಪಿಟ್ಟುಕೊಂಡು ಬರೆದವರು ಅಪರೂಪ.

ಅದೇ ಇಂಡಿಯಾನಾ ಜೋನ್ಸ್ 2023ರ 'ಡಯಲ್ ಆಫ್ ಡೆಸ್ಟಿನಿ'ಯಲ್ಲಿ ಬಂದಾಗ ಹ್ಯಾರಿಸನ್ ಫೋರ್ಡ್‌ಗೆ 80 ವರ್ಷ. ಶುರುವಿನ ಭಾಗ ನಡೆಯುವುದು ಎರಡನೇ ಮಹಾಯುದ್ಧದ ಕಾಲದಲ್ಲಿ, ಅದಕ್ಕೆ ಕಂಪ್ಯೂಟರಿನಲ್ಲಿ ಅವನ ಮುಖದ ವಯಸ್ಸು ಇಳಿಸಿದ್ದಾರೆ. ಮುಖ 40ರದ್ದು. ದನಿ, ಓಟ, ಭುಜ ಎಲ್ಲ ಮುದುಕನದು. ಮದುವೆ ಮನೆಯ ಫೋಟೊದಲ್ಲಿ ಯಾರದೋ ಮುಖಕ್ಕೆ ಬಿಳಿ ಬಣ್ಣ ಬಳಿದಂತೆ ಕಾಣುತ್ತದೆ. ಮುಂದೆ ಆ ವಯಸ್ಸಾದ ಮನುಷ್ಯನೇ ಏದುಸಿರು ಬಿಡುತ್ತಾ ಬಂಡೆ ಹತ್ತುವ ಕಡೆ ಸಿನಿಮಾಗೆ ಜೀವ ಬರುತ್ತದೆ. ವಯಸ್ಸನ್ನು ಮುಚ್ಚಿಟ್ಟ 20 ನಿಮಿಷ ಸುಮ್ನೆ ದಂಡ.

ಅದೇ ಸರಣಿಯ 1984ರ 'ಟೆಂಪಲ್ ಆಫ್ ಡೂಮ್' ಹಾಕಬಾರದಿತ್ತು. ಹುಡುಗ ಹಟ ಹಿಡಿದ. ಕಥೆ ನಡೆಯುವುದು ಇಂಡಿಯಾದಲ್ಲಿ. ಸ್ಕ್ರಿಪ್ಟು ನೋಡಿ ನಮ್ಮ ಸರ್ಕಾರ ತಕರಾರು ತೆಗೆದದ್ದರಿಂದ ಶೂಟಿಂಗು ಶ್ರೀಲಂಕಾಕ್ಕೆ ಹೋಯಿತು. ಅರಮನೆಯ ಊಟದಲ್ಲಿ ಹಾವಿನ ಹೊಟ್ಟೆಯಿಂದ ಮರಿಗಳು ಹೊರಬರುತ್ತವೆ, ಸಾರಿನಲ್ಲಿ ಕಣ್ಣುಗುಡ್ಡೆ ತೇಲುತ್ತದೆ, ಕೊನೆಗೆ ಮಂಗನ ಮಿದುಳು. ಅದೇ ಹೊತ್ತಿಗೆ ಅಮ್ಮ ಅವರೆಕಾಳು ಉಪ್ಪಿಟ್ಟಿನ ತಟ್ಟೆ ಹಿಡಿದು ಹಾಲಿಗೆ ಬಂದರು.

"ಏನೋ ಅದು?"

"ನಮ್ಮೂಟ ಅಂತೆ ಅಜ್ಜಿ" ಅಂದ ಹುಡುಗ.

ಅಮ್ಮ ಟಿವಿ ನೋಡಿದರು, ತಟ್ಟೆ ನೋಡಿದರು, "ಅವರಿಗೆ ಯಾರು ಬಡಿಸಿದ್ದಂತೆ?" ಅಂದು ಒಳಗೆ ಹೋದರು. ಅಮರೀಶ್ ಪುರಿ ಒಬ್ಬನ ಎದೆಯೊಳಗೆ ಕೈ ಹಾಕಿ ಗುಂಡಿಗೆ ಕೀಳುವ ಕಡೆ ನಾನು ಆಫ್ ಮಾಡಿದೆ. ಆ ಮನುಷ್ಯನ ದನಿಗೆ, ಆ ಕಣ್ಣಿಗೆ ಎಂಥ ಪಾತ್ರ ಕೊಡಬಹುದಿತ್ತು. ಹಾಲಿವುಡ್ ಕರೆದು ಕೊಟ್ಟಿದ್ದು ಇದು.

ಅಮ್ಮ ನಮ್ಮ ಜೊತೆ ಕೂತು ಪೂರ್ತಿ ನೋಡಿದ್ದು ಒಂದೇ ಸಿನಿಮಾ. 'ಮಿನ್ನಲ್ ಮುರಳಿ'. 2021ರ ಕ್ರಿಸ್‌ಮಸ್ ಹಿಂದಿನ ದಿನ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು. ಬೇಸಿಲ್ ಜೋಸೆಫ್ ನಿರ್ದೇಶನದ ಮಲಯಾಳಂ ಸಿನಿಮಾ, ಕನ್ನಡ ಡಬ್ಬಿಂಗೂ ಇದೆ. ಕನ್ನಡದಲ್ಲಿ ಇದ್ದದ್ದಕ್ಕೇ ಅಮ್ಮ ಕೂತದ್ದು. ಇದನ್ನು ಒತ್ತಿ ಹೇಳಬೇಕು. ದಶಕಗಳ ಕಾಲ ನಾವು ಡಬ್ಬಿಂಗ್ ಬೇಡ ಅಂತ ಬಾಗಿಲು ಹಾಕಿ ಕೂತಿದ್ದೆವು. ನಮ್ಮ ಸಿನಿಮಾ ಉಳಿಯಲಿ ಅನ್ನುವ ಆಸೆ, ಅದನ್ನು ಹಗುರ ಮಾಡುವುದಿಲ್ಲ. ಆದರೆ ಅಷ್ಟೂ ವರ್ಷ ಇಲ್ಲಿನ ಮಕ್ಕಳು ಸ್ಪೈಡರ್‌ಮ್ಯಾನ್‌ನನ್ನು ಹಿಂದಿಯಲ್ಲೋ ತೆಲುಗಿನಲ್ಲೋ ನೋಡಿದರು. 2023ರ ಸ್ಪೈಡರ್‌ಮ್ಯಾನ್ ಅನಿಮೇಶನ್ ಕನ್ನಡದಲ್ಲೂ ಬಂತು. ಅದರಲ್ಲಿ ಮುಂಬೈಯಂಥ ಊರಿನ ಪವಿತ್ರ್ ಪ್ರಭಾಕರ್ ಅನ್ನುವ ಹುಡುಗ, ಚಾಯ್ ಟೀ ಅಂದವನಿಗೆ, ಚಾಯ್ ಅಂದರೇನೇ ಟೀ ಕಣೋ ಅಂತ ಬೈಯುತ್ತಾನೆ. ಅಂಥ ಬೈಗುಳ ನಮ್ಮ ಭಾಷೆಯಲ್ಲಿ ಕೇಳಿದರೇ ರುಚಿ. ಆದರೂ 'ಸೂಪರ್‌ಮ್ಯಾನ್' ಬಂದಾಗ ಮತ್ತೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕನ್ನಡ ಇಲ್ಲ.

'ಮಿನ್ನಲ್ ಮುರಳಿ'ಯ ಜೈಸನ್ ಟೈಲರ್. ತಂದೆಯೂ ಟೈಲರ್. ಕುರುಕ್ಕನ್‌ಮೂಲ ಅನ್ನುವ ಹಳ್ಳಿ, 90ರ ದಶಕ, ಅಮೆರಿಕಕ್ಕೆ ಹೋಗಬೇಕು ಅನ್ನುವ ಹುಚ್ಚು. ನಮ್ಮಮ್ಮ ಇಪ್ಪತ್ತು ವರ್ಷ ಬ್ಲೌಸ್ ಹೊಲಿದು ನಮ್ಮಿಬ್ಬರನ್ನು ಓದಿಸಿದವರು. ಹೊಲಿಗೆ ಮಿಷನ್ ಕಂಡ ತಕ್ಷಣ ಕನ್ನಡಕ ಏರಿಸಿದರು. ಈ ಸೂಪರ್‌ಹೀರೊಗಳ ಬಟ್ಟೆ ಯಾರು ಹೊಲಿಯುತ್ತಾರೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಅಮ್ಮ ಮಾತ್ರ ಮೊದಲ ವಾರದಿಂದಲೂ ಹಾದುಹೋಗುವಾಗೆಲ್ಲ "ಅಷ್ಟು ಬಿಗಿ ಬಟ್ಟೆ, ತೋಳು ಎತ್ತಿದರೆ ಕಂಕುಳು ಹರಿಯಲ್ವಾ" ಅಂತ ಕೇಳುತ್ತಿದ್ದರು. ಇಲ್ಲಿ ಹೀರೊನೇ ಟೈಲರ್ ಅಂದಾಗ "ಈಗ ಸರಿಹೋಯ್ತು" ಅಂದರು.

ಸಿಡಿಲು ಬಡಿಯುವುದು ಇಬ್ಬರಿಗೆ. ಒಬ್ಬ ಜೈಸನ್. ಇನ್ನೊಬ್ಬ ಶಿಬು, ಚಹಾ ಅಂಗಡಿಯಲ್ಲಿ ದುಡಿಯುವವನು. ತಮಿಳಿನ ಗುರು ಸೋಮಸುಂದರಂ ಆ ಪಾತ್ರ ಮಾಡಿದ್ದಾರೆ. ಊರಿಗೆಲ್ಲ ಅವನು ಹುಚ್ಚ. ಎಷ್ಟೋ ವರ್ಷದಿಂದ ಉಷಾ ಅನ್ನುವವಳ ಮೇಲೆ ಜೀವ ಇಟ್ಟುಕೊಂಡಿದ್ದಾನೆ. ಅವಳು ಬೇರೆಯವನ ಜೊತೆ ಹೋಗಿ, ಕಾಯಿಲೆಯ ಮಗಳೊಂದಿಗೆ ವಾಪಸ್ ಬಂದಿದ್ದಾಳೆ. ಮಗುವಿನ ಚಿಕಿತ್ಸೆಗೆ ದುಡ್ಡು ಬೇಕು ಅಂತ ಇವನು ತನ್ನ ಹೊಸ ಶಕ್ತಿ ಬಳಸಿ ಬ್ಯಾಂಕು ದೋಚುತ್ತಾನೆ. ಲೋಕ ಗೆಲ್ಲುವುದಕ್ಕಲ್ಲ, ಆಸ್ಪತ್ರೆ ಖರ್ಚಿಗೆ.

ಕೊನೆಗೊಂದು ದಿನ ಉಷಾ ಅವನನ್ನು ಒಪ್ಪುತ್ತಾಳೆ. ಆಗ ಸೋಮಸುಂದರಂ ಅವರ ಮುಖ ನೋಡಬೇಕು. ಮೊದಲು ನಂಬುವುದಿಲ್ಲ. ನಗಬೇಕೋ ಅಳಬೇಕೋ ಗೊತ್ತಾಗದೆ ಬಾಯಿ ಒಂದು ಕಡೆ ಹೋಗುತ್ತದೆ, ಕಣ್ಣು ಒಂದು ಕಡೆ. ಇಷ್ಟು ವರ್ಷ ಕಾದದ್ದೆಲ್ಲ ಒಂದೇ ಸಲ ಗಂಟಲಿಗೆ ಬಂದು ಸಿಕ್ಕಿಕೊಂಡ ಹಾಗೆ ಅಳುತ್ತಾನೆ. ವಿಲನ್ ಕಣ್ರೀ ಇವನು. ಆ ಹೊತ್ತಿಗೆ ಅವನು ಕೊಲೆ ಕೂಡ ಮಾಡಿದ್ದಾನೆ. ಆದರೂ ಹಾಲಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದ್ದು ಇಷ್ಟೆ: "ಪಾಪ, ಅವನಿಗೂ ಅದೇ ಸಿಡಿಲು ತಾನೇ ಹೊಡೆದಿದ್ದು."

ಮುಂದೆ ಊರವರು ಗುಂಪಾಗಿ ಬಂದು ಹಚ್ಚುವ ಬೆಂಕಿಯಲ್ಲಿ ಉಷಾ ಹೋಗುತ್ತಾಳೆ. ಹುಡುಗ ಈ ಸಲ ಎರಡು ನಿಮಿಷ ಕಾಯಿ ಅನ್ನಲಿಲ್ಲ. ಅವಳು ಬರುವುದಿಲ್ಲ ಅಂತ ಅವನಿಗೂ ಗೊತ್ತಾಗಿತ್ತು. ಅಲ್ಲಿಂದ ಆಚೆಗೆ ಶಿಬು ನಿಜವಾದ ವಿಲನ್ ಆಗುತ್ತಾನೆ, ಊರಿಗೆ ಊರೇ ಸೇರಿ ಮಾಡಿದ ವಿಲನ್. ಈ ಸಿನಿಮಾಗಾಗಿ ಕೇರಳದ ಕಾಲಡಿ ಅನ್ನುವ ಊರಿನಲ್ಲಿ ಹಾಕಿದ್ದ ಚರ್ಚಿನ ಸೆಟ್ಟನ್ನು 2020ರ ಮೇ ತಿಂಗಳಲ್ಲಿ ಒಂದು ಗುಂಪು ಬಂದು ಒಡೆದುಹಾಕಿತ್ತು. ಕಥೆಯೊಳಗೂ ಗುಂಪು, ಹೊರಗೂ ಗುಂಪು.

ತೊಂದರೆ ಇಲ್ಲ ಅಂತಲ್ಲ. ನಡುವೆ ಎಳೆಯುತ್ತದೆ. ಜೈಸನ್‌ನ ಪ್ರೇಮಭಂಗದ ಭಾಗ ಕತ್ತರಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ. ಕೊನೆಯ ಹೊಡೆದಾಟದಲ್ಲಿ ಹಗ್ಗ ಕಟ್ಟಿ ಎಳೆದದ್ದು ಗೊತ್ತಾಗುತ್ತದೆ. ಆದರೆ ಉಳಿಸಬೇಕಾದದ್ದು ಒಂದು ಊರು, ಅದರಲ್ಲಿ ಅಕ್ಕ, ಭಾವ, ಅಕ್ಕನ ಮಗ. ಬ್ರಹ್ಮಾಂಡ ಅಲ್ಲ. ಬ್ರಹ್ಮಾಂಡ ಹೋದರೆ ನನಗೇನು ಗೊತ್ತಾಗುತ್ತದೆ? ಎದುರು ಮನೆಗೆ ಬೆಂಕಿ ಬಿದ್ದರೆ ಗೊತ್ತಾಗುತ್ತದೆ.

ಅದೇ ಜೋಶಿನಲ್ಲಿ ತೆಲುಗಿನ 'ಹನುಮಾನ್' ಹಾಕಿದೆವು. 2024ರ ಸಂಕ್ರಾಂತಿಗೆ ಬಂದದ್ದು, ಪ್ರಶಾಂತ್ ವರ್ಮ ನಿರ್ದೇಶನ. ಊರಿನ ಹೆಸರು ಅಂಜನಾದ್ರಿ, ಕಲ್ಪನೆಯ ಹಳ್ಳಿ. ನಿಜವಾದ ಅಂಜನಾದ್ರಿ ನಮ್ಮ ಆನೆಗೊಂದಿ ಹತ್ತಿರದ್ದು, 575 ಮೆಟ್ಟಿಲು. ಹಿಂದಿನ ಬೇಸಿಗೆಯಲ್ಲಿ ಇದೇ ಹುಡುಗನ ಜೊತೆ ಹತ್ತಿದ್ದೆ, ನಡುವೆ ಕೂತು ನಿಂಬೆಹಣ್ಣಿನ ಶರಬತ್ತು ಕುಡಿದಿದ್ದೆ. ಈಗ ಬಾತ್‌ರೂಮಿನ ಒಂದು ಮೆಟ್ಟಿಲೇ ಬೆಟ್ಟ.

ಈ ಸಿನಿಮಾದ ಶುರುವಿನಲ್ಲಿ ನನ್ನ ಮಟ್ಟಿಗೆ ಇಡೀ ಜಾತಿಯ ಸಿನಿಮಾಗಳ ಮೇಲೇ ಹಾಕಿದ ಗುದ್ದೊಂದು ಇದೆ. ಮೈಕಲ್ ಅನ್ನುವ ಹುಡುಗನಿಗೆ ಸೂಪರ್‌ಹೀರೊ ಆಗುವ ಹಂಬಲ. ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್, ಯಾರಿಗೂ ಅಪ್ಪ ಅಮ್ಮ ಇಲ್ಲವಲ್ಲ. ಹಾಗಾದರೆ ಹೀರೊ ಆಗಲು ಅಡ್ಡ ಇರುವುದು ಅಪ್ಪ ಅಮ್ಮನೇ ಅಂತ ತಿಳಿದು ಮನೆಗೆ ಬೆಂಕಿ ಇಡುತ್ತಾನೆ. ಎಂಥ ಭಯಂಕರ ತರ್ಕ ನೋಡಿ. ಮಕ್ಕಳಿಗೆ ನಾವು ಏನು ಕಥೆ ಹೇಳುತ್ತಿದ್ದೇವೆ ಅಂತ ಒಂದು ಕ್ಷಣ ಬೆನ್ನು ತಣ್ಣಗಾಯಿತು. ಇನ್ನೊಂದು ಜಾಣತನ ಹೀರೊನ ಶಕ್ತಿಯದು. ಅವನಿಗೆ ಸಿಕ್ಕ ಮಣಿ ಕೆಲಸ ಮಾಡುವುದು ಬಿಸಿಲಿದ್ದಾಗ ಮಾತ್ರ. ಮೋಡ ಮುಚ್ಚಿದರೆ ಅವನೂ ನಮ್ಮ ಹಾಗೇ. ದುರ್ಯೋಧನನ ತೊಡೆಯ ಲೆಕ್ಕ.

ಇಷ್ಟು ಒಳ್ಳೆಯ ಎರಡು ಕಾಯಿ ಕೈಯಲ್ಲಿ ಇಟ್ಟುಕೊಂಡು ಕೊನೆಯಲ್ಲಿ ಆಟವನ್ನೇ ಬಿಟ್ಟುಬಿಡುತ್ತಾರೆ. ಸಾಕ್ಷಾತ್ ಹನುಮಂತನೇ ಎದ್ದು ಬರುತ್ತಾನೆ. ಹುಡುಗ ದಿವಾನ್ ಮೇಲೆ ನಿಂತು ಕುಣಿದ. ನನಗೂ ಒಂದು ಕ್ಷಣ ಮೈ ಜುಮ್ಮೆಂದಿದ್ದು ನಿಜ. ಆದರೆ ದೇವರೇ ಬಂದ ಮೇಲೆ ಆ ಬಡಪಾಯಿ ಹೀರೊ ಯಾಕೆ ಬೇಕಿತ್ತು? ಪರೀಕ್ಷೆಗೆ ಕೂತವನ ಬದಲು ಮೇಷ್ಟ್ರೇ ಬಂದು ಉತ್ತರ ಬರೆದು ಹೋದ ಹಾಗಾಯಿತು.

ಕೊನೆಯದು 'ಲೋಕಃ'. 2025ರ ಓಣಂಗೆ ಬಂದ ಮಲಯಾಳಂ ಸಿನಿಮಾ. ಡೊಮಿನಿಕ್ ಅರುಣ್ ನಿರ್ದೇಶನ, ಕಲ್ಯಾಣಿ ಪ್ರಿಯದರ್ಶನ್ ನಾಯಕಿ. ಕೇರಳದ ಕಳ್ಳಿಯಂಕಾಟ್ಟು ನೀಲಿ ಅನ್ನುವ ಯಕ್ಷಿಯ ಕಥೆಯನ್ನು ತಿರುಗಿಸಿ ಬರೆದಿದ್ದಾರೆ. ಹಳೆಯ ಕಥೆಯಲ್ಲಿ ರಕ್ತ ಹೀರುವವಳು, ಇಲ್ಲಿ ಗುಡಿಯೊಳಗೆ ಬಂದ ತಪ್ಪಿಗೆ ರಾಜನ ಕಡೆಯವರ ಸಿಟ್ಟಿಗೆ ಸಿಕ್ಕ ಬುಡಕಟ್ಟಿನ ಹುಡುಗಿ. ಅವಳು ಈಗ ಬಂದು ಇಳಿಯುವ ಊರು ಬೆಂಗಳೂರು. ರಾತ್ರಿಯ ಫ್ಲ್ಯಾಟುಗಳು, ನೀಲಿ ಕೆಂಪು ಬೆಳಕು, ಎದುರು ಮನೆಯ ಕೆಲಸವಿಲ್ಲದ ಹುಡುಗರು. ಅವರಲ್ಲೊಬ್ಬನಾಗಿ ನಸ್ಲೆನ್ ಹೆದರಿಕೊಂಡು ನಗಿಸುತ್ತಾನೆ. ಮೊದಲ ಅರ್ಧ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಗುತ್ತದೆ.

ನನ್ನ ಸಿಟ್ಟು ಬೆಂಗಳೂರಿನ ಬಗ್ಗೆ. ಊರು ತುಂಬ ಪಾರ್ಟಿ, ಡ್ರಗ್ಸ್, ಅಂಗಾಂಗ ಕದಿಯುವ ಗ್ಯಾಂಗ್. ಇಲ್ಲಿನ ಹುಡುಗಿಯರ ಬಗ್ಗೆ ಒಂದು ಡೈಲಾಗು ಗಲಾಟೆಯಾಗಿ ನಿರ್ಮಾಪಕರು ಕ್ಷಮೆ ಕೇಳಿದರು, ಅದನ್ನು ಬಿಡೋಣ. ಕೆಟ್ಟ ಪೊಲೀಸ್ ಇನ್‌ಸ್ಪೆಕ್ಟರ್ ಹೆಸರು ನಾಚಿಯಪ್ಪ ಗೌಡ. ನಾಚಿಯಪ್ಪ! ನಂಜಪ್ಪ ಗೊತ್ತು, ನಾಗಪ್ಪ ಗೊತ್ತು, ನಾಚಿಯಪ್ಪ ಅನ್ನುವ ಗೌಡರನ್ನು ಮಂಡ್ಯ, ಹಾಸನ, ಕೋಲಾರ ಎಲ್ಲ ಹುಡುಕಿದರೂ ನಾನಂತೂ ಕಂಡಿಲ್ಲ. ತಮಿಳುನಾಡಿನ ಚೆಟ್ಟಿನಾಡು ಕಡೆಯ ಹೆಸರಿಗೆ ನಮ್ಮ ಬಾಲ ಕಟ್ಟಿದ್ದಾರೆ. ಸಾವಿರ ವರ್ಷದ ಯಕ್ಷಿಯ ಬಗ್ಗೆ ಅಷ್ಟು ಓದಿಕೊಂಡವರು ಪಕ್ಕದ ರಾಜ್ಯದ ಒಂದು ಹೆಸರಿಗೆ ಯಾರಿಗಾದರೂ ಒಂದು ಫೋನ್ ಮಾಡಬಹುದಿತ್ತು. ಸಿನಿಮಾ ಚೆನ್ನಾಗಿದೆ, ಅದಕ್ಕೇ ಇದು ಜಾಸ್ತಿ ಉರಿಯುತ್ತದೆ.

ಉರಿ ಇನ್ನೂ ಒಂದಿದೆ, ಅದು ನಮ್ಮ ಮೇಲೇ. 90ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು, ನೆನಪಿದೆಯಾ? ರಾತ್ರಿ ಒಂದು ಹೆಣ್ಣು ದೆವ್ವ ಬಂದು ಗೊತ್ತಿರುವವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಕಥೆ ಮುಗಿಯಿತು. ಬಂದು ಬರಹ ಓದಿ, ನಾಳೆ ಬರೋಣ ಅಂತ ವಾಪಸ್ ಹೋಗುತ್ತದೆ. ಮರುದಿನವೂ ಅದೇ ಬರಹ. ಓದು ಬಲ್ಲ, ಹೇಳಿದ ಮಾತು ಕೇಳುವ, ದಿನಾ ಬಂದು ದಿನಾ ವಾಪಸ್ ಹೋಗುವ ಇಂಥ ಪಾಪದ ದೆವ್ವ ಜಗತ್ತಿನ ಯಾವ ಮೂಲೆಯಲ್ಲಿದೆ? ಹಿಂದಿಯವರು ಇದನ್ನೇ ಎತ್ತಿಕೊಂಡು 2018ರಲ್ಲಿ 'ಸ್ತ್ರೀ' ಮಾಡಿದರು, ದುಡ್ಡು ಮಾಡಿಕೊಂಡರು. ಮಲಯಾಳಿಗಳು ತಮ್ಮ ಯಕ್ಷಿಯನ್ನು ಕರೆತಂದು ನಮ್ಮ ಊರಿನಲ್ಲಿ ಇಳಿಸಿದರು. ನಾವು ಬಾಗಿಲ ಮೇಲೆ ಬರೆದದ್ದನ್ನು ನಾವೇ ಓದಿಕೊಂಡು ಕೂತಿದ್ದೇವೆ.

ಡಿಸೆಂಬರ್ ಮೂರನೇ ವಾರ ಪ್ಲಾಸ್ಟರ್ ತೆಗೆದರು. 'ಮಿನ್ನಲ್ ಮುರಳಿ' ನೋಡಿದ ರಾತ್ರಿ ಹುಡುಗ ಅದರ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದೊಡ್ಡ ಸಿಡಿಲು ಬರೆದಿದ್ದ. ಕೊಯ್ಯುವ ಯಂತ್ರ ಸರಿಯಾಗಿ ಅದರ ನಡುವೆಯೇ ಹೋಯಿತು. ಒಳಗಿನಿಂದ ಬಂದ ಕಾಲು ಯಾರದೋ ಕಾಲಿನ ಹಾಗಿತ್ತು, ಸಣ್ಣಗೆ, ಬಿಳಿಚಿಕೊಂಡು, ಹೊಟ್ಟು ಹೊಟ್ಟಾಗಿ. ಊರಲು ಹೋದರೆ ಮಂಡಿ ನಡುಗಿತು. ಅಕ್ಕನ ಹೆಗಲು ಹಿಡಿದು ಆಸ್ಪತ್ರೆಯ ನಾಲ್ಕು ಮೆಟ್ಟಿಲು ಇಳಿದೆ. ಹುಡುಗ ಮುಂದೆ ನಿಂತು ಮೊಬೈಲಿನಲ್ಲಿ ಹಿಡಿಯುತ್ತಿದ್ದ. "ಸ್ಲೋ ಮೋಷನ್ ಹಾಕೋದೇ ಬೇಡ ಮಾಮ" ಅಂದ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದರು. ಕಾಲು ನೋಡಿದರು, ಎಣ್ಣೆ ಹಚ್ಚಬೇಕು ಅಂದರು. ಹುಡುಗ ಕವರಿನಲ್ಲಿ ಕಟ್ಟಿ ತಂದಿದ್ದ ಪ್ಲಾಸ್ಟರ್ ತುಂಡು ನೋಡಿ, ಅದರ ವಾಸನೆಗೆ ಮೂಗು ಮುಚ್ಚಿ, ಹೊರಗೆ ಎಸೆಯಲು ಹೇಳಿದರು. ಅವನು ಕೊಡಲಿಲ್ಲ. ಒಳಗೆ ಹೋಗುತ್ತಾ ತಿರುಗಿ ನನ್ನನ್ನು ಕೇಳಿದರು: "ಆ ಟೈಲರ್ ಹುಡುಗನದು ಎರಡನೇ ಭಾಗ ಯಾವಾಗಂತೆ?"